ಹತ್ತು ಎಣಿಸುವಷ್ಟರಲ್ಲಿ

ಮೂರನೆಯ ರೊಟ್ಟಿಯನ್ನು ಹಂಚಿಗೆ ಹಾಕಿ, ಅದರ ಮೈಗೆ ನೀರು ಸವರುತ್ತಿದ್ದಾಗ ಸುನಿತಾಳ ಫೋನು ರಿಂಗಾಯಿತು. ಸಂಶಿಯ ಸಾವಂತ್ರೆವ್ವ. ನಾಳೆ ಮಗಳ ಮದುವೆ, ಹನ್ನೊಂದರ ಬಸ್ಸಿಗೆ ಯರಗುಪ್ಪಿಗೆ ಬಂದು ಜಂಪರು ಒಯ್ಯುತ್ತೇನೆ, ಬೆನ್ನಿನ ಮೇಲಿನ ನವಿಲು ಮುಗಿದಿರಬೇಕಲ್ಲ ಎಂದಳು. ಆಗೇತ್ರಿ, ಬರ್ರಿ ಎಂದು ಸುನಿತಾ ಹೇಳಿಬಿಟ್ಟಳು. ಅಷ್ಟರಲ್ಲಿ ರೊಟ್ಟಿ ಕರಕಾಗಿತ್ತು.

ನವಿಲು ಮುಗಿದಿರಲಿಲ್ಲ, ಶುರುವೇ ಆಗಿರಲಿಲ್ಲ. ಅದರ ಡಿಸೈನು ಇದ್ದದ್ದು ಲ್ಯಾಪ್‌ಟಾಪಿನಲ್ಲಿ. ಅದನ್ನು ಪೆನ್‌ಡ್ರೈವಿಗೆ ಇಳಿಸಿ ಕಸೂತಿ ಮಷೀನಿಗೆ ಹಚ್ಚಿದರೆ ಒಂದು ತಾಸಿನ ಕೆಲಸ. ಆದರೆ ನಿನ್ನೆ ಸಂಜೆಯಿಂದ ಆ ಡಿಸೈನು ಕಣ್ಣಿಗೇ ಬೀಳವಲ್ಲದು.

ನಿನ್ನೆ ಮೈದುನ ಪ್ರಭು ಬಂದಿದ್ದ. ಸಂಶಿಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವನು. ಐದನೇ ಇಯತ್ತೆ ಓದುವ ಮಗಳು ಅಮೃತಾಳ ಪಾಠಗಳು ಲಿನಕ್ಸ್ ಎಂಬ ಬೇರೆ ಸಿಸ್ಟಮ್ಮಿನಲ್ಲಿ ಇವೆ. ವೈನಿಯ ಕಸೂತಿ ಇರುವ ಹಳೆಯ ವಿಂಡೋಸ್ ತನ್ನ ಪಾಡಿಗೆ ಇರಲಿ, ಬಾಜೂಕ ಇದನ್ನೂ ಇಡುತ್ತೇನೆ ಎಂದು ಕೂತ. ಹೋಗುವಾಗ ಒಮ್ಮೆ ತೋರಿಸಿಯೂ ಹೋದ. ಗುಂಡಿ ಒತ್ತಿದ ಮೇಲೆ ಒಂದು ಕರೇ ಪರದೆ ಬರುತ್ತದೆ, ಅದರಲ್ಲಿ ಎರಡೂ ಹೆಸರು ಇರುತ್ತವೆ, ಬೇಕಾದದ್ದನ್ನು ಆರಿಸಬೇಕು. ಹತ್ತು ಎಣಿಸುವವರೆಗೆ ಮಾತ್ರ ಕಾಯುತ್ತದೆ. ಯಾರೂ ಏನೂ ಹೇಳದಿದ್ದರೆ ಹೊಸದನ್ನೇ ತೆರೆಯುತ್ತದೆ.

ಸುನಿತಾ ಒಲೆ ಆರಿಸಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಗುಂಡಿ ಒತ್ತಿದಳು. ಏಳಲು ತಡಮಾಡುವ ಹಳೆಯ ಲ್ಯಾಪ್‌ಟಾಪು; ಆ ಹೊತ್ತಿನಲ್ಲಿ, ಹೊಲಿಗೆ ಮಷೀನಿಗೆ ಮಾಡುವ ಹಾಗೆಯೇ, ಅದನ್ನು ಎರಡೂ ಕೈಯಿಂದ ಮುಟ್ಟಿ, ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡು ನಿಧಾನಕ್ಕೆ ಐದು ಸಲ ಶಿವನಾಮ ನೆನೆಯುವುದು ಅವಳ ವಾಡಿಕೆ. ಕೈ ತೆಗೆದರೆ ಎದುರಿಗೆ ಲಿನಕ್ಸೇ ಕೂತಿತ್ತು.

ಬಂದ್ ಮಾಡಿ ಮತ್ತೆ ಹಚ್ಚಿದಳು. ಮತ್ತೆ ಅದೇ. ಪ್ರಭುವಿಗೆ ಫೋನು ಹಚ್ಚಿದಳು. ಅವನು ಕ್ಲಾಸಿಗೆ ಹೊರಟಿದ್ದ.

"ಕರೇ ಪರದೆ ಬಂದೇ ಬರ್ತೈತ್ರಿ ವೈನಿ. ನೀವು ನೋಡವಲ್ರಿ."

"ನನಗೇನು ಕಣ್ಣಿಲ್ಲೇನೋ? ಕರೇದೂ ಇಲ್ಲ, ಬಿಳೇದೂ ಇಲ್ಲ. ನನ್ನ ನವಿಲು ನುಂಗಿ ಕುಂತೈತಿ ನಿನ್ನ ಲಿನಕ್ಸು."

ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದ ಅತ್ತೆ ಮಲ್ಲಕ್ಕ ಮೊರದಿಂದ ತಲೆ ಎತ್ತದೆಯೇ, ಒಂದು ಮನಿಯಾಗ ಎರಡು ಒಲಿ ಹೂಡಿದರ ಹಿಂಗ ಆಗೂದು ಎಂದಳು. ಸುನಿತಾ ಹಲ್ಲು ಕಚ್ಚಿದಳು. ಮೂರನೆಯ ಸಲ ಹಚ್ಚುವಾಗ, ಇವತ್ತು ದೇವರೇ ಗತಿ ಎಂದು ಐದರ ಬದಲು ಹನ್ನೊಂದು ಸಲ ನೆನೆದಳು. ಆಗಲೂ ಲಿನಕ್ಸೇ ಬಂತು.

ಇಷ್ಟು ಹೊತ್ತೂ ಅಮೃತಾ ಪಕ್ಕದಲ್ಲೇ ನಿಂತಿದ್ದಳು. ಒಂದು ಜಡೆ ಹೆಣೆದಿತ್ತು, ಇನ್ನೊಂದು ಬಿಚ್ಚಿಬಿದ್ದಿತ್ತು, ಕೈಯಲ್ಲಿ ಜಡೆಗೆ ಕಟ್ಟುವ ಟೇಪು. ಎರಡು ಸಲ ಏನೋ ಅನ್ನಲು ಬಾಯಿ ತೆರೆದವಳನ್ನು, ಸುಮ್ನ ನಿಂದರು, ನಿನ್ನ ಸಲುವಾಗೇ ಇಷ್ಟೆಲ್ಲಾ ಆಗಿದ್ದು ಎಂದು ಸುನಿತಾ ಗದರಿದ್ದಳು. ಆಗಿನಿಂದ ಹುಡುಗಿ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿತ್ತು.

ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಬೆನ್ನಿಗೆ ನವಿಲಿಲ್ಲದ ಜಂಪರು ತೊಟ್ಟು ಮದುಮಗಳು ಹಸೆಗೆ ಕೂರುವುದು, ಹೊಲಿದವಳು ಯಾರೆಂದು ಹೆಂಗಸರು ಕೇಳುವುದು, ಎಲ್ಲ ಸುನಿತಾಳ ಕಣ್ಣಮುಂದೆ ಬಂತು. ಲ್ಯಾಪ್‌ಟಾಪನ್ನು ದೂರ ಸರಿಸಿ, ಮಗಳನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಂಡು ಉಳಿದ ಜಡೆಗೆ ಕೈ ಹಾಕಿದಳು. ಕೂದಲಲ್ಲಿ ಬೆರಳು ಆಡಿದಂತೆ ಸಿಟ್ಟೂ ಇಳಿಯಿತು.

"ಸುಳ್ಳ ಬೈದ್ನೆವ್ವಾ. ಏನೋ ಹೇಳಾಕ ಬಂದಿದ್ದೆಲ್ಲ, ಏನದು?"

ಅಮೃತಾ ಅಜ್ಜಿಯ ಕಡೆ ನೋಡಿದಳು, ಲ್ಯಾಪ್‌ಟಾಪಿನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಆ ಕರೇ ಪರದೆ ಬಂದಾಗೆಲ್ಲಾ ನೀ ಯಾಕ ಕಣ್ಣು ಮುಚ್ಚಿರ್ತಿ ಬೇ?"