ಕತ್ತರಿಸಿದ ಎರಡು ನಿಮಿಷ

ನಾನು ಹದಿನೆಂಟು ನಿಮಿಷದ ಕಾರ್ಟೂನ್ ಸಿನಿಮಾದ ರೀಲು. ಈಗ ಹದಿನಾರೇ ನಿಮಿಷ ಉಳಿದಿದ್ದೇನೆ. ಯಾಕೆಂದು ಹೇಳುತ್ತೇನೆ, ಕೇಳಿ.

ಧಾರವಾಡದ ಡ್ರಾಯಿಂಗ್ ಟೀಚರ್ ಇಂದುಮತಿ ಮೂರು ವರ್ಷ ಕೂತು ಸಾವಿರಾರು ಚಿತ್ರ ಬರೆದು ನನ್ನನ್ನು ಹುಟ್ಟಿಸಿದಳು. ನನ್ನಲ್ಲಿ ಒಬ್ಬ ಅಜ್ಜಿ ಒಂದು ಬೆಳಿಗ್ಗೆ ಬೆಳ್ಳಕ್ಕಿಯಾಗಿ ಹಾರಿಹೋಗುತ್ತಾಳೆ. ಮೊಮ್ಮಗಳು ಮಾಳಿಗೆ ಹತ್ತಿ ಆಕಾಶ ನೋಡುತ್ತಾ ನಿಲ್ಲುತ್ತಾಳೆ. ಕೊನೆಗೆ ಹಕ್ಕಿ ಬಂದು ಅವಳೆದುರು ಕೂರುತ್ತದೆ, ಮತ್ತೆ ಹಾರುತ್ತದೆ. ಅದು ಅಜ್ಜಿಯೋ ಬರೀ ಹಕ್ಕಿಯೋ, ನಾನು ಹೇಳುವುದಿಲ್ಲ.

ಊರೂರಿಗೆ ಮಕ್ಕಳ ಸಿನಿಮಾ ಒಯ್ಯುತ್ತಿದ್ದ ಶ್ಯಾಮರಾಯರು ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಇಂದೂಬಾಯಿ, ಅಜ್ಜಿ ಸತ್ತಳೋ, ಬದುಕ್ಯಾಳೋ? ಹುಡುಗರು ಗೊಂದಲಕ್ಕ ಬೀಳತಾವ."

"ಬೀಳಲಿ ಬಿಡ್ರಿ. ನಾ ಸಣ್ಣಾಕಿ ಇದ್ದಾಗ ನಮ್ಮಜ್ಜಿ ಊರಿಗೆ ಹೋಗ್ಯಾಳ ಅಂತ ಎಲ್ಲಾರೂ ಸ್ಪಷ್ಟ ಸುಳ್ಳು ಹೇಳಿದ್ರು. ವರ್ಷಗಟ್ಟಲೆ ಬಾಗಿಲದಾಗ ಕಾದೆ."

ರಾಯರು ತಲೆಯಾಡಿಸಿದರು. ಆದರೆ ಅವಳಿಗೆ ತಿಳಿಸದೆ ನನ್ನ ಕೊನೆಯ ಎರಡು ನಿಮಿಷ ಕತ್ತರಿಸಿ ಬಿಸಾಡಿದರು. ಮೊದಲಲ್ಲಿದ್ದ, ಅಜ್ಜಿ ರೊಟ್ಟಿ ಬಡಿಯುವ ದೃಶ್ಯವನ್ನು ಕಿತ್ತು ತುದಿಗೆ ಅಂಟಿಸಿದರು. ನನ್ನ ಮೈಯಿಂದಲೇ ನನ್ನ ಬಾಯಿಗೆ ಸುಳ್ಳು ತುರುಕಿದರು! ಯಾರ ಅಪ್ಪಣೆ ಕೇಳಿ?

ಗದಗಿನ ಒಂದು ಶಾಲೆಯಲ್ಲಿ ಆಟ. ಕೊನೆಗೆ ರಾಯರು ಮೈಕು ಹಿಡಿದರು: "ಅಜ್ಜಿ ಕಾಶಿಯಿಂದ ತಿರುಗಿ ಬಂದಳು. ಮಕ್ಕಳೇ, ಹಿರಿಯರು ಹೇಳಿದಂತೆ ಕೇಳಬೇಕು."

ಎರಡನೇ ಸಾಲಿನಿಂದ ಏಳು ವರ್ಷದ ಕಸ್ತೂರಿ ಎದ್ದಳು. "ಹಂಗಾರ ನಮ್ಮಜ್ಜಿನೂ ಬರ್ತಾಳೇನ್ರಿ? ಆಕಿನೂ ಕಾಶಿಗೆ ಹೋಗ್ಯಾಳಂತ. ನಮ್ಮಪ್ಪ ಹೇಳ್ಯಾನ."

ಮಾಸ್ತರರು ರಾಯರ ಕಿವಿಯಲ್ಲಿ ಪಿಸುಗುಟ್ಟಿದರು: "ಸತ್ತು ನಾಕು ತಿಂಗಳಾತು."

ಹುಡುಗಿ ಉತ್ತರಕ್ಕೆ ಕಾಯುತ್ತಲೇ ಇದ್ದಳು. ರಾಯರು ಮೈಕು ಕೆಳಗಿಟ್ಟರು. "ಈ ಸಿನಿಮಾದ ಅಜ್ಜಿನೂ ತಿರುಗಿ ಬಂದಳೋ ಇಲ್ಲೋ, ನನಗ ಗೊತ್ತಿಲ್ಲವ್ವಾ," ಅಂದರು. ಅವರ ಬಾಯಿಂದ ಬಂದ ಮೊದಲ ನಿಜ.

ಮಾರನೇ ದಿನವೇ ಅವರು ಇಂದುಮತಿಯ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡರು. ಅವಳು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದಳು, ಕ್ಷಮಿಸಲಿಲ್ಲ. ನಾನೂ ಕ್ಷಮಿಸಿಲ್ಲ. ಬಿಸಾಡಿದ ತುಂಡು ಸಿಗಲೇ ಇಲ್ಲ. ರಾಯರು ಅಂಟಿಸಿದ ಸುಳ್ಳನ್ನು ಕಿತ್ತು, ರೊಟ್ಟಿಯ ದೃಶ್ಯವನ್ನು ಅದರ ಜಾಗಕ್ಕೇ ಸೇರಿಸಿದರು. ಮತ್ತೆ ಅದೇ ಶಾಲೆಗೆ ಒಯ್ದರು. ಮಾಳಿಗೆಯ ಮೇಲಿನ ಹುಡುಗಿ ಆಕಾಶ ನೋಡುತ್ತಿದ್ದಂತೆ ನಾನು ಮುಗಿದುಹೋದೆ. ರಾಯರು ಪ್ರೊಜೆಕ್ಟರಿನ ದೀಪ ಆರಿಸಲಿಲ್ಲ, ಮೈಕು ಮುಟ್ಟಲಿಲ್ಲ. ಬಿಳಿ ಪರದೆಯ ಮುಂದೆ ಮಕ್ಕಳು ಜಗಳಕ್ಕೇ ಬಿದ್ದರು: ಬರ್ತಾಳ, ಬರಂಗಿಲ್ಲ, ಆಕಿ ಹಕ್ಕಿನೇ ಅಲ್ಲ!

ಕಸ್ತೂರಿ ಪರದೆಯನ್ನೇ ನೋಡುತ್ತಾ ಮೆಲ್ಲಗೆ ಅಂದಳು: "ಆಕಿ ಬರಂಗಿಲ್ಲ. ಆದ್ರ ಈ ಹುಡುಗಿ ಕೆಳಗ ಇಳೀತಾಳ. ಹಸಿವಿ ಆಗಿರ್ತದ."

ಈಗ ನನಗೆ ಮುಪ್ಪು. ಹಳೇ ಫಿಲ್ಮಿಗೆ ಬರುವಂತೆ ಮೈಯೆಲ್ಲ ಹುಳಿ ವಾಸನೆ. ಒಂದು ಸಂಗ್ರಹಾಲಯದ ಕಪಾಟಿನಲ್ಲಿದ್ದೇನೆ. ಡಬ್ಬಿಯ ಮೇಲೆ ಯಾರೋ ಚೀಟಿ ಅಂಟಿಸಿದ್ದಾರೆ: "ಅಪೂರ್ಣ. ಮಕ್ಕಳಿಗೆ ಅರ್ಥವಾಗದು." ಬರೆದವರು ಒಮ್ಮೆಯೂ ನನ್ನನ್ನು ಮಕ್ಕಳ ನಡುವೆ ಕೂತು ನೋಡಿಲ್ಲ.