ಸರಪಂಚ್ ವೈನಿ ಕಾದ ಜ್ವರ

ನಮ್ಮೂರನ್ನು ಎರಡು ಮಳೆಗಾಲ ಆಳಿದ್ದು ಒಂದು ಬಿದಿರಿನ ಗಳ. ಹೊಳೆ ದಾಟಿ ಊರೊಳಕ್ಕೆ ತಿರುಗುವ ಕಡೆ ಅದನ್ನು ಅಡ್ಡ ಕಟ್ಟಿಸಿದವಳು ಸರಪಂಚ್, ಅಂದರೆ ಪಂಚಾಯಿತಿ ಅಧ್ಯಕ್ಷೆ, ವೈಜಯಂತಿ ಧುರಿ; ಊರಿಗೆಲ್ಲ ಅವಳು ವೈನಿ, ಅತ್ತಿಗೆ. ಮೊದಲ ವರ್ಷ ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಮುಂಬೈಯಲ್ಲಿ ಆಂಬುಲೆನ್ಸುಗಳು ಕೂಗುತ್ತಿದ್ದಾಗ ನಮ್ಮಲ್ಲಿ ಕೋಳಿಗಳಷ್ಟೇ ಕೂಗುತ್ತಿದ್ದವು. ಕೊರೊನಾ ಎಂಬ ರೋಗ ಏಳು ಬೆಟ್ಟಗಳಾಚೆಯ ರಾಕ್ಷಸ, ವೈನಿಯ ಗಳ ಕಂಡರೆ ಬಾಲ ಮುದುರಿಕೊಂಡು ಓಡುತ್ತಾನೆ ಎಂದು ಮಕ್ಕಳು ನಂಬಿದ್ದರು. ದೊಡ್ಡವರೂ ಒಂದಿಷ್ಟು ನಂಬಿದ್ದರು ಅನ್ನಿ.

ರಾಕ್ಷಸ ಬರದೇ ಹೋದರೆ ಕಾವಲಿನವಳ ಗತಿಯೇನು ಎಂದು ಯಾವ ಅಜ್ಜಿಯೂ ಹೇಳಿಲ್ಲ. ಎರಡನೆಯ ವರ್ಷ ಸುತ್ತಲಿನ ಊರುಗಳಲ್ಲಿ ಸಾವುಗಳಾದವು. ನಮ್ಮಲ್ಲಿ ಒಂದು ಕೆಮ್ಮೂ ಇಲ್ಲ. ಸಾವು ಕಣ್ಣಿಗೆ ಬೀಳದ ಊರಿನಲ್ಲಿ ಗಳ ಮಾತ್ರ ಕಣ್ಣಿಗೆ ಬೀಳತೊಡಗಿತು. ಸಂತೆ ನಿಂತಿತ್ತು, ಮದುವೆಗಳು ನಿಂತಿದ್ದವು, ಮುಂಬೈಯಲ್ಲಿದ್ದ ಮಕ್ಕಳು ಫೋನಿನಲ್ಲಿ ಅಳುತ್ತಿದ್ದರು. ಗಣಪತಿ ಹತ್ತಿರ ಬಂದಾಗ, ಮನೆಮನೆಗೆ ಹೋಗಿ ಭಜನೆ ಮಾಡುವಂತಿಲ್ಲ ಎಂದು ವೈಜಯಂತಿ ಮತ್ತೆ ಡಂಗುರ ಸಾರಿಸಿದಳು. ಕೊಂಕಣದವರಿಗೆ ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಭಜನೆಯವರು ಹೊಸ್ತಿಲು ತುಳಿಯದ ಮನೆಯಲ್ಲಿ ಗಣಪತಿ ಕೂತೂ ಕೂರದ ಹಾಗೆ.

ಭಜನೆ ಮೇಳ ನಡೆಸುವ ಬುವಾ ದಾಜಿ ಪಾಲವ ಪಂಚಾಯಿತಿ ಸದಸ್ಯನೂ ಹೌದು. ಅವತ್ತೇ ಪಂಚಾಯಿತಿಯ ಕಟ್ಟೆಗೆ ಬಂದು ಕೂತ.

"ಹೋದ ವರ್ಷ ನಮ್ ಬಾಯಿ ಮುಚ್ಚಿಸಿದ್ರಿ. ಈ ವರ್ಷ ಪಖವಾಜಿಗೂ ಮಾಸ್ಕ್ ಹೊಲಿಸ್ತೀರಾ, ವೈನಿ?"

"ನೀವು ಬದುಕಿದ್ರೆ ತಾನೇ ಬುವಾ ಮುಂದಿನ ವರ್ಷ ಹಾಡೋದು?"

"ಈ ಮಾತನ್ನ ಎರಡು ವರ್ಷದಿಂದ ಕೇಳ್ತಾ ಇದ್ದೀನಿ. ಎಲ್ಲಿ ನಿಮ್ ರೋಗ? ತಂದು ತೋರಿಸಿ, ಕಾಲಿಗೆ ಬೀಳ್ತೀನಿ."

ಕಟ್ಟೆಯ ಸುತ್ತ ಇದ್ದವರೆಲ್ಲ ನಕ್ಕರು. ನಗುವವರಲ್ಲಿ ಹೋದ ವರ್ಷ ಅವಳಿಗೆ ಹಾರ ಹಾಕಿದವರೂ ಇದ್ದರು. ಮರುವಾರ ಬುವಾ ಅವಿಶ್ವಾಸಕ್ಕೆ ನೋಟಿಸು ಕೊಟ್ಟ. ತಹಸೀಲ್ದಾರರು ಸಭೆಯನ್ನು ಗಣಪತಿ ಕೂತ ದಿನಗಳಲ್ಲೇ ಇಟ್ಟರು. ಲೆಕ್ಕ ಊರಿಗೆಲ್ಲ ಗೊತ್ತಿತ್ತು: ಬುವಾನ ಕೈಯೂ ಎದ್ದರೆ ವೈಜಯಂತಿ ಕುರ್ಚಿ ಬಿಡಬೇಕು.

ಅವಳಿಗೆ ಊಟ ರುಚಿಸಲಿಲ್ಲ. ಊರನ್ನು ಉಳಿಸಿದ್ದಕ್ಕೆ ಸಾಕ್ಷಿಯೇ ಇಲ್ಲವಲ್ಲ! ಮೋದಕಕ್ಕೆ ಹಿಟ್ಟು ನಾದುತ್ತಾ ಅವಳು ಒಂದು ಬೇಡಿಕೆ ಬೇಡಿದಳು. ಯಾರೂ ಸಾಯುವುದು ಬೇಡ. ಒಂದು ಸಣ್ಣ ಜ್ವರ ಸಾಕು, ಊರ ಕಣ್ಣಿಗೆ ಕಾಣುವಂಥದ್ದು. ಬೇಡಿದ್ದು ಯಾವ ಬಾಯಿಂದ ಎಂದು ಹೊಳೆದು, ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಇದನ್ನು ಎಷ್ಟೋ ಕಾಲದ ಮೇಲೆ ಅವಳೇ ನನಗೆ ಹೇಳಿದ್ದು.

ಸಭೆಗೆ ಎರಡು ದಿನವಿರುವಾಗ ಆಶಾ ಕಾರ್ಯಕರ್ತೆ ಓಡಿಬಂದಳು. "ಬುವಾನ ಸೊಸೆ ಪ್ರಾಜಕ್ತಾಗೆ ಜ್ವರ, ವೈನಿ. ಗದ್ದೆಯಿಂದ ಬಂದೋಳು ಮಲಗಿಬಿಟ್ಟಿದ್ದಾಳೆ. ಕಣ್ಣು ಕೆಂಪಗಾಗಿದೆ."

ವೈಜಯಂತಿಯ ಎದೆಯೊಳಗೆ ಯಾರೋ ಜಾಗಟೆ ಬಾರಿಸಿದಂತಾಯಿತು. ಚಪ್ಪಲಿ ಹುಡುಕುವಾಗ ತಾನು ಗುನುಗುತ್ತಿದ್ದೇನೆಂದು ತಿಳಿದು ಗಪ್ಪನೆ ನಿಲ್ಲಿಸಿದಳು.

ಬುವಾನ ಅಂಗಳಕ್ಕೆ ಕೆಂಪು ರಿಬ್ಬನ್ನನ್ನು ಅವಳೇ ಕಟ್ಟಿದಳು. ಮೂಗಿನಿಂದ ತೆಗೆದ ಮಾದರಿ ತಾಲೂಕು ಆಸ್ಪತ್ರೆಗೆ ಹೋಯಿತು. ಬುವಾನ ಮಗ ಗೋವಾದ ಹೋಟೆಲಿನಲ್ಲಿ, ರಜೆಯಿಲ್ಲ. ಮನೆಯಲ್ಲಿ ಮಾವ ಸೊಸೆ ಇಬ್ಬರೇ.

"ಕಟ್ಟಿ ಕಟ್ಟಿ, ನಿಯಮ ಅಂದ್ರೆ ನಿಯಮ," ಎಂದ ಬುವಾ. ಮುಖ ಇಳಿದಿತ್ತು. "ಆದ್ರೆ ಉತ್ತರ ಬಂದ ಕೂಡಲೇ ತಿಳಿಸ್ಬೇಕು. ಇಲ್ಲಿ ಫೋನು ಹಿಡಿಯಲ್ಲ."

"ನಾನೇ ಬಂದು ಬಿಚ್ತೀನಿ ಬುವಾ. ಗಣಪತಿ ಮೇಲಾಣೆ."

ಸಭೆಯ ದಿನ ಬೆಳಿಗ್ಗೆ ಅವಳು ಸೀರೆ ಉಡುತ್ತಿದ್ದಾಗ ತಾಲೂಕಿನ ಡಾಕ್ಟರರ ಫೋನು ಬಂತು. "ಕೊರೊನಾ ಅಲ್ಲಮ್ಮ ಅದು. ಗದ್ದೆ ಕೆಸರಿನ ಇಲಿಜ್ವರ ಇರ್ಬೇಕು. ತಡ ಮಾಡ್ಬೇಡಿ, ಈಗಲೇ ಕಳಿಸಿ. ಕಣ್ಣು ಹಳದಿ ಆಯ್ತು ಅಂದ್ರೆ ಕಷ್ಟ."

"ಆಯ್ತು," ಎಂದಳು ವೈಜಯಂತಿ.

ಬುವಾನ ಮನೆ ಪಂಚಾಯಿತಿಯ ಹಿಂದಿನ ದಿಣ್ಣೆಯ ಮೇಲೆ. ಹತ್ತಿ ಹೋಗಿ ಹೇಳಬಹುದಿತ್ತು. ಹೇಳಿದರೆ ಸೊಸೆಯನ್ನು ಗಾಡಿ ಹತ್ತಿಸಿ ಅವನು ನೇರ ಸಭೆಗೆ ಇಳಿದು ಬರುತ್ತಾನೆ. ಒಂದು ತಾಸಿನ ಮಾತು, ಸಭೆ ಮುಗಿದ ಕೂಡಲೇ ಓಡಿ ಹೋದರಾಯಿತು ಎಂದುಕೊಂಡಳು. ಸೆರಗಿಗೆ ಪಿನ್ನು ಚುಚ್ಚುವಾಗ ಬೆರಳಿಗೇ ಚುಚ್ಚಿಕೊಂಡಳು.

ಒಂದು ತಾಸು ಎಂದಾದರೂ ಒಂದು ತಾಸಾಗಿ ಉಳಿದಿದೆಯೇ? ಒಬ್ಬ ಸದಸ್ಯ ಬಿದಿರಿನ ಬಗ್ಗೆಯೇ ಊಟದ ಹೊತ್ತಿನವರೆಗೆ ಮಾತಾಡಿದ. ಕೊನೆಗೆ ತಹಸೀಲ್ದಾರರು ಕೇಳಿದರು, "ನೋಟಿಸು ಕೊಟ್ಟ ಪಾಲವ ಎಲ್ರೀ?"

"ಮನೆ ಸೀಲಾಗಿದೆ ಸಾಹೇಬ್ರೇ," ಎಂದ ಉಪಸರಪಂಚ್ ಗುರುನಾಥ ಗಾವಡೆ. ಅವನು ವೈಜಯಂತಿಯ ಕಡೆಯವನು. "ಸೊಸೆಗೆ ಬಂದಿದೆ ಅಂತ ಕಾಣುತ್ತೆ."

"ರಿಪೋರ್ಟು?"

ಎಲ್ಲರೂ ವೈಜಯಂತಿಯತ್ತ ತಿರುಗಿದರು. ಕಿಟಕಿಯ ಹೊರಗಿನ ಜನ ಜೋತುಬಿಟ್ಟಿದ್ದ ಮಾಸ್ಕುಗಳನ್ನು ಆಗಲೇ ಮೂಗಿಗೆ ಏರಿಸಿಕೊಂಡಿದ್ದರು.

"ಇನ್ನೂ ಬಂದಿಲ್ಲ," ಎಂದಳು ವೈಜಯಂತಿ.

ಒಂದು ಕೈ ಕಮ್ಮಿಯಾಗಿ ಅವಿಶ್ವಾಸ ಬಿದ್ದುಹೋಯಿತು. "ವೈನಿ ಹೇಳ್ತಾನೇ ಇದ್ರು, ನಾವೇ ಕಿವಿಗೆ ಹಾಕ್ಕೊಳ್ಲಿಲ್ಲ," ಎಂದು ಯಾರೋ ದಾಸವಾಳದ ಹಾರ ತಂದರು. ಕೊರಳಿಗೆ ಬಿದ್ದ ಹಾರವನ್ನು ಕಿತ್ತು ಕುರ್ಚಿಯ ಮೇಲಿಟ್ಟು ಅವಳು ದಿಣ್ಣೆ ಹತ್ತಿ ಓಡಿದಳು.

ಪ್ರಾಜಕ್ತಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಹೆಗಲು ಹಿಡಿದು ತಿರುಗಿಸಿದರೆ ಕಣ್ಣು ಅರಿಸಿನದ ನೀರು.

"ಬಂತಾ ಉತ್ತರ?" ಎಂದ ಬುವಾ.

ಅವಳು ಹೊರಗೋಡಿ, ರಿಬ್ಬನ್ನಿನಾಚೆ ಫೋನು ಹಿಡಿಯುವ ಹಲಸಿನ ಮರದ ಬುಡದಲ್ಲಿ ನಿಂತು ಗುರುನಾಥನಿಗೆ ಫೋನು ಮಾಡಿದಳು. "ಜೀಪು ತಗೊಂಡು ಬುವಾನ ಮನೆಗೆ ಬಾ. ಈಗಲೇ."

"ಆ ಮನೆಗಾ? ಹುಚ್ಚೇನು ವೈನಿ? ನನಗೂ ಮಕ್ಕಳಿದ್ದಾವೆ. ಮುಟ್ಬೇಡಿ ಅಂದೋರು ನೀವೇ."

"ಅದು ಆ ರೋಗ ಅಲ್ವೋ."

"ರಿಪೋರ್ಟು ಬಂದಿಲ್ಲ ಅಂದ್ರಲ್ಲ ಈಗ ತಾನೇ?"

ಬುವಾ ಬಾಗಿಲಿಗೆ ಬಂದು ನಿಂತಿದ್ದ. ಅವನಿಗೆ ಕೇಳದಂತೆ ಹೇಳಲು ಅಲ್ಲಿ ಜಾಗವಿರಲಿಲ್ಲ.

"ಬಂದಿತ್ತು," ಎಂದಳು. "ಬೆಳಿಗ್ಗೇನೇ ಬಂದಿತ್ತು, ಗುರು. ಕೈ ಮುಗೀತೀನಿ, ಬಾ."

ಆಚೆಯಿಂದ ಫೋನು ಕಟ್ಟಾಯಿತು. ಆಮೇಲೆ ಜೀಪು ಬಂತು. ಗುರುನಾಥ ಅವಳ ಕಡೆ ನೋಡದೆ ಹುಡುಗಿಯನ್ನು ಎತ್ತಿ ಮಲಗಿಸಿದ. ಬುವಾ ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಅಂಗಿ ಗುಂಡಿ ಹಾಕಿಕೊಳ್ಳುತ್ತಾ, "ಗಣಪತಿ ಕೂತಿರೋ ಮನೆ ಖಾಲಿ ಬಿಡೋ ಹಾಗಿಲ್ಲ," ಎಂದ. "ದೀಪ ನೋಡ್ಕೊಳ್ಳೋಕೆ ಈ ಮನೆಗೆ ಬೇರೆ ಯಾರೂ ಬರಲ್ಲ. ನೀವೇ ಕೂತ್ಕೊಳ್ಳಿ. ಎಣ್ಣೆ ಮಣೆ ಕೆಳಗಿದೆ."

ಪ್ರಾಜಕ್ತಾ ಬದುಕಿ ಬಂದಳು, ಈಗಲೇ ಹೇಳಿಬಿಡುತ್ತೇನೆ. ಮಕ್ಕಳ ನಿದ್ದೆ ಕೆಡದಿರಲೆಂದು ನನ್ನಜ್ಜಿಯೂ ಹೀಗೇ ಮಾಡುತ್ತಿದ್ದಳು. ಆದರೆ ಆ ಸಂಜೆ ವೈಜಯಂತಿಗೆ ಅದು ಗೊತ್ತಿರಲಿಲ್ಲ. ಗಣಪತಿಯ ಮುಂದೆ ಮೊನ್ನೆಯ ಗರಿಕೆ ಬಾಡಿತ್ತು. ಬರುವವರಿಗೆಂದು ಕರಿದ ಕರಂಜಿ ಕಡುಬು ಡಬ್ಬಿ ತುಂಬ ಹಾಗೇ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಅವಳು ದೀಪಕ್ಕೆ ಎಣ್ಣೆ ಹಾಕಿದಳು. ವಿಗ್ರಹದ ಮುಖ ನೋಡಲಾರದೆ ಕಾಲಿನ ಬಳಿಯ ಮಣ್ಣಿನ ಇಲಿಯನ್ನೇ ನೋಡುತ್ತ ಕೂತಳು.

ಆರತಿಯ ಹೊತ್ತಿಗೆ ರಿಬ್ಬನ್ನಿನಾಚೆಯಿಂದ ಪಕ್ಕದ ಮನೆಯವಳ ದನಿ. "ಯಾರೇ ಒಳಗೆ, ಪ್ರಾಜೂ? ಇಳೀತಾ ಜ್ವರ?"

"ನಾನು, ವೈಜಯಂತಿ."

"ಅಯ್ಯೋ ವೈನಿ! ನಿಮ್ಗೂ ಬಂತಾ?"

"ಯಾರಿಗೂ ಏನೂ ಬಂದಿಲ್ಲ. ನಾನು ಸುಳ್ಳು ಹೇಳಿದ್ದೆ. ಒಳಗೆ ಬಾ, ಆರತಿಗೆ ಜನ ಇಲ್ಲ."

ಹೊರಗಿನ ಕಾಲು ಹಿಂದೆ ಸರಿದ ಸದ್ದು. "ಬೇಡ ವೈನಿ," ಎಂದಿತು ದನಿ, ಮರ್ಯಾದೆಯಿಂದಲೇ. "ಧೈರ್ಯಕ್ಕೆ ಹಾಗಂತೀರಿ, ನನಗ್ಗೊತ್ತಿಲ್ವಾ? ನಿಮ್ಮಿಂದ ಕಲ್ತಿದ್ದು ತಾನೇ ನಾವು, ಹುಷಾರಾಗಿರೋದು."

ವೈಜಯಂತಿ ಎದ್ದು ಒಬ್ಬಳೇ ಗಂಟೆ ಹಿಡಿದಳು. ಬಾರಿಸಿದರೆ ಊರಿಗೆ ಕೇಳಿ, ಇದನ್ನೂ ವೈನಿಯ ಧೈರ್ಯವೆನ್ನುತ್ತಾರೆಂದು ಅದರ ನಾಲಗೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಆರತಿ ಎತ್ತಿದಳು.