ಪಿಕಪ್ ಮೇಸ್ತ್ರಿಯ ಏರು

ಪಿಕಪ್ ಮೇಸ್ತ್ರಿಯ ಹೆಣ ಮಲಗಿಸಿದ್ದ ಬೆಂಚಿನ ಕೆಳಗೆ ತೂರಿ, ಕಬ್ಬಿಣ ಕಡೆಯುವ ಲೇತಿನವನು ನಾಲ್ಕು ಕನೆಕ್ಟಿಂಗ್ ರಾಡುಗಳನ್ನು ಎಳೆದು ತೆಗೆದ. ಷೆಡ್ಡಿನಲ್ಲಿ ನೆರೆದವರಲ್ಲಿ ಅರ್ಧ ಜನ ಮೆಕ್ಯಾನಿಕ್‌ಗಳು, ಉಳಿದರ್ಧ ತಾವೂ ಮೆಕ್ಯಾನಿಕ್‌ಗಳೇ ಎಂದುಕೊಂಡವರು. ಅಷ್ಟೂ ಜನ ಅಳು ನಿಲ್ಲಿಸಿ ಬಗ್ಗಿ ನೋಡಿದರು.

"ಇವು ಹಳೇ ರಾಡು, ಅತ್ತಿಗೆ. ಆಗಲ್ಲ."

"ಹಾಕಿ ನೋಡು ಲೇತಣ್ಣ," ಎಂದಳು ಪಿಕಪ್ ಮೇಸ್ತ್ರಿಯ ಹೆಂಡತಿ. "ಅವರು ಅವರ ವ್ಯಾನಲ್ಲೇ ಏರು ಹತ್ತಬೇಕು. ಯಾರ ಕೈಲೂ ತಳ್ಳಿಸ್ಕೊಂಡಲ್ಲ."

ಆ ಏರು ಸಾಮಾನ್ಯದ್ದಲ್ಲ. ಬುಡದಲ್ಲಿ ಗಡ್ಡ ಬೋಳಿಸಿಕೊಂಡು ಹೊರಟವನಿಗೆ ತುದಿ ಮುಟ್ಟುವಷ್ಟರಲ್ಲಿ ಎದೆಯವರೆಗೆ ಗಡ್ಡ ಇಳಿದಿರುತ್ತದೆ. ಹಕ್ಕಿಗಳೂ ನಡುವೆ ಒಮ್ಮೆ ಕೂತು ಸುಧಾರಿಸಿಕೊಳ್ಳುತ್ತವೆ. ತುದಿಯಲ್ಲಿ ಆಸ್ಪತ್ರೆ, ಅದರ ಬೆನ್ನಿಗೇ, ರೋಗಿಗಳಿಗೆ ದೂರವಾಗದಿರಲೆಂಬಂತೆ, ಮಣ್ಣು ಮಾಡುವ ಜಾಗ. ಆಸ್ಪತ್ರೆಯ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಹತ್ತುತ್ತಿದ್ದವಳು ಈ ಹೆಂಡತಿ. ಹೊತ್ತು ಹೊತ್ತು ಅವಳ ಕುತ್ತಿಗೆ ಭುಜದೊಳಗೆ ಇಳಿದುಹೋಗಿತ್ತು. ಮೇಸ್ತ್ರಿಯ ವ್ಯಾನು ಮೊದಲ ತಿರುವಿನಲ್ಲೇ ಏದುಸಿರು ಬಿಟ್ಟು ನಿಲ್ಲುತ್ತಿತ್ತು.

*

ಆ ವ್ಯಾನಿಗೆ ಪಿಕಪ್ಪು, ಅಂದರೆ ಆನೆಬಲ, ತರುತ್ತೇನೆಂದು ಮೇಸ್ತ್ರಿ ಭೂಮಂಡಲದ ಗುಜರಿಯನ್ನೆಲ್ಲ ಜರಡಿ ಹಿಡಿದು, ತೋಳು ಉದ್ದವಿದ್ದ ಕ್ರ್ಯಾಂಕ್‌ಶಾಫ್ಟ್ ಒಂದನ್ನು ತಂದ. ತೋಳು ಉದ್ದವಾದಷ್ಟೂ ಪಿಸ್ಟನ್ ದೂರ ಓಡುತ್ತದೆ, ಇಂಜಿನ್ನಿಗೆ ಬಲ ಬರುತ್ತದೆ. ಆದರೆ ಕ್ರ್ಯಾಂಕಿಗೂ ಪಿಸ್ಟನ್ನಿಗೂ ನಡುವಿನ ರಾಡು ಹಳೆಯದೇ ಆದರೆ ಪಿಸ್ಟನ್ ಸಿಲಿಂಡರಿನ ಅಂಚು ದಾಟಿ ಮೇಲೆ ಇಣುಕುತ್ತದೆ. ಲೇತಿನವನು ಅಳತೆ ಹಿಡಿದು ಗಿಡ್ಡ ರಾಡು ತಂದುಕೊಟ್ಟ.

ಮೇಸ್ತ್ರಿ ಅವನ್ನು ಮೂಸಿಯೂ ನೋಡಲಿಲ್ಲ. ಗಿಡ್ಡ ರಾಡು ಪಿಸ್ಟನ್ನನ್ನು ಗೋಡೆಗೆ ಒತ್ತುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ ಎಂದ. ರಾಡು ಉದ್ದವೇ ಇರಬೇಕು, ಅದಕ್ಕೊಪ್ಪುವ ಗಿಡ್ಡ ಪಿಸ್ಟನ್ ಬೇಕು, ಅದು ಸಿಗುವವರೆಗೆ ಕಾಯುವುದು ಎಂದ.

"ಗಿಡ್ಡದ್ದು ಹಾಕಿದ್ರೆ ಎಷ್ಟು ದಿನಕ್ಕೆ ಸವೆಯುತ್ತೆ?" ಎಂದು ಹೆಂಡತಿ ಕೇಳಿದ್ದಳು.

"ಹತ್ತು ವರ್ಷ ಬಂದ್ರೆ ಹೆಚ್ಚು."

"ನಾನು ಅಷ್ಟು ಬಾಳಿಕೆ ಬರ್ತೀನೇನ್ರೀ?"

ಮೇಸ್ತ್ರಿ ಷೆಡ್ಡಿನ ತಗಡು ಹಾರಿಹೋಗುವಂತೆ ನಕ್ಕ. ಗಿಡ್ಡ ರಾಡುಗಳು ಯಾರದೋ ಇಂಜಿನ್ನು ಸೇರಿದವು, ವ್ಯಾನು ಬಿಚ್ಚಿದ ಇಂಜಿನ್ನಿನೊಡನೆ ಷೆಡ್ಡಿನಲ್ಲೇ ಉಳಿಯಿತು. ಆ ಪಿಸ್ಟನ್ ಇಂದು ಬಂತು ನಾಳೆ ಬಂತು ಎನ್ನುತ್ತಲೇ ಅವನ ಮೀಸೆ ಬೆಳ್ಳಗಾಯಿತು. ಸಂಜೆ ಗಂಟು ಇಳಿಸಿ ಬಂದವಳನ್ನು ಸ್ಟೀರಿಂಗ್ ಮುಂದೆ ಕೂರಿಸಿ, ತಾನು ಬಾನೆಟ್ಟಿನೊಳಗೆ ತಲೆ ಹಾಕಿ ಆಕ್ಸಿಲರೇಟರ್ ವೈರು ಸರಿಮಾಡುತ್ತಿದ್ದ. "ಒತ್ತು," ಎನ್ನುತ್ತಿದ್ದ. ಒತ್ತುತ್ತಿದ್ದಳು. "ಬಿಡು," ಎನ್ನುತ್ತಿದ್ದ. ಬಿಡುತ್ತಿದ್ದಳು. ಅಷ್ಟು ಸರಿಯಾದ ವೈರು ರಾಕೆಟ್ಟಿಗೂ ಇದ್ದಿರಲಾರದು.

*

ಲೇತಿನವನು ವ್ಯಾನಿನ ಕೆಳಗೆ ಮಲಗಿ ಒಂದು ಹಳೇ ರಾಡು ಬಿಗಿದ. ಸಿಲಿಂಡರಿನ ಬಾಯಿ ಮುಚ್ಚುವ ಹೆಡ್ ಕೂರಿಸುವ ಮೊದಲು ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿದ. ಪಿಸ್ಟನ್ ನುಣ್ಣಗೆ ಮೇಲೆದ್ದು, ಅಂಚು ದಾಟಿ, ಎರಡು ನಾಣ್ಯದ ದಪ್ಪದಷ್ಟು ಹೊರಗೆ ಬಂದು ನಿಂತಿತು.

ಟೈರ್ ಅಂಗಡಿಯವನು ಹೆಡ್ಡಿನ ಕೆಳಗೆ ದಪ್ಪ ಗ್ಯಾಸ್ಕೆಟ್ ಹಾಕಿದರೆ ಆದೀತೆಂದ. ಇನ್ನೊಬ್ಬ ಪಿಸ್ಟನ್ನಿನ ತಲೆಯನ್ನೇ ಉಜ್ಜಿಬಿಡೋಣವೆಂದ. ಲೇತಿನವನು ಕೈ ಒರೆಸಿಕೊಂಡ.

"ಹೆಡ್ಡಿಗೆ ಹೊಡೆಯುತ್ತೆ ಅತ್ತಿಗೆ. ಒಂದು ಸುತ್ತೂ ತಿರುಗಲ್ಲ."

"ಗಿಡ್ಡದ್ದು ಹಾಕಿದ್ದಿದ್ರೆ?"

ಲೇತಿನವನು ಹೆಣದ ಕಡೆ ನೋಡಿದ. "ಅವತ್ತೇ ಏರು ಹತ್ತಿರೋದು."

ಅವಳು ಬೆಂಚಿನ ಹತ್ತಿರ ಹೋಗಿ, ತಾನೇ ಇಸ್ತ್ರಿ ಮಾಡಿದ್ದ ಅಂಗಿಗೆ ಮೇಲಿನ ಗುಂಡಿ ಹಾಕಿದಳು.

"ತಳ್ಳಿ," ಎಂದಳು.

ಬಟ್ಟೆ ಗಂಟುಗಳಿಗೆಂದು ವ್ಯಾನಿನ ಹಿಂದುಗಡೆ ಮೇಸ್ತ್ರಿ ಹಲಗೆ ಹೊಡೆದು ಜಾಗ ಮಾಡಿದ್ದ. ಅಳತೆ ತೆಗೆದಂತೆ ಅವನೇ ಅದರಲ್ಲಿ ಹಿಡಿಸಿದ. ಅವಳು ಸ್ಟೀರಿಂಗ್ ಮುಂದೆ ಕೂತಳು. ಬೀದಿಗೆ ಬೀದಿಯೇ ಹೆಗಲು ಕೊಟ್ಟು ತಳ್ಳಿತು. ಸುರಿದ ಬೆವರಿಗೆ ಕೆಳಗಿನ ಚರಂಡಿ ತುಂಬಿ ಹರಿಯಿತು. ತಿರುವಿಗೊಮ್ಮೆ ಗಾಲಿಗೆ ಕಲ್ಲು ಕೊಟ್ಟು ಉಸಿರು ತೆಗೆದುಕೊಂಡರು. ಬಾಗಿಲ ಪಕ್ಕದಲ್ಲಿ ತಳ್ಳುತ್ತಿದ್ದ ಲೇತಿನವನು ಒಳಗೆ ಇಣುಕಿದ. ಅವಳ ಬಲಗಾಲು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದಿತ್ತು, ಮೀನಖಂಡ ನಡುಗುತ್ತಿತ್ತು. ಅವನು ಮತ್ತೆ ಹೆಗಲು ಕೊಟ್ಟ.

ತುದಿಯಲ್ಲಿ ವ್ಯಾನು ನಿಂತಿತು. ಹಿಂದಿನ ಬಾಗಿಲು ತೆರೆದು ಮೇಸ್ತ್ರಿಯನ್ನು ಇಳಿಸಿಕೊಂಡರು, ಹೆಗಲ ಮೇಲೆ ಹೊತ್ತು ನಡೆದರು. ಅವಳು ಆಕ್ಸಿಲರೇಟರಿನಿಂದ ಇನ್ನೂ ಕಾಲು ತೆಗೆದಿರಲಿಲ್ಲ.